ಕರಿಯನಿಗೆ ಐದು ಜನ ಮೇಷ್ಟ್ರು

ತುಮಕೂರಿನಲ್ಲಿ ಮನೆ ಕಟ್ಟಿಸುವವರಿಗೂ ನಾಯಿ ಸಾಕುವವರಿಗೂ ಸಲಹೆಗೆ ಬರ ಇಲ್ಲ. ಮನೆ ಕಟ್ಟಿಸುವವರಿಗಾದರೆ ಬಾಗಿಲು ಯಾವ ದಿಕ್ಕಿಗಿರಬೇಕು ಅಂತ ಹೇಳಿ ಸುಮ್ಮನಾಗುತ್ತಾರೆ. ನಾಯಿ ವಿಷಯಕ್ಕೆ ಹಾಗಲ್ಲ. ಹಾಲಿನವನು, ಇಸ್ತ್ರಿಯವನು, ಸಿಲಿಂಡರ್ ಹೊತ್ತು ತರುವ ಹುಡುಗ, ಎಲ್ಲರ ಮನೆಯಲ್ಲೂ ಒಂದು ಕಾಲದಲ್ಲಿ ಒಂದು ನಾಯಿ ಇತ್ತು. ಅದು ಮಹಾ ಬುದ್ಧಿವಂತ ನಾಯಿ. ಗೇಟಿನ ಹತ್ತಿರ ಬಿದ್ದ ಪೇಪರನ್ನು ಬಾಯಲ್ಲಿ ಕಚ್ಚಿ ತಂದುಕೊಡುತ್ತಿತ್ತು. ಅದು ಈಗ ಬದುಕಿಲ್ಲ, ಹಾಗಾಗಿ ಯಾರೂ ಪರೀಕ್ಷೆ ಮಾಡುವಂತಿಲ್ಲ.

ನಮ್ಮ ಕರಿಯ ಹುಟ್ಟಿದ್ದು ಎಂ ಸ್ಯಾಂಡ್ ಗುಡ್ಡೆಯ ಮೇಲೆ. ಎದುರು ಸೈಟಿನಲ್ಲಿ ಮನೆ ಕಟ್ಟುವ ಕೆಲಸ ಅರ್ಧಕ್ಕೆ ನಿಂತಿತ್ತು. ಸುರಿದ ಮರಳು ಹಾಗೇ ಬಿದ್ದಿತ್ತು. ಬೀದಿಯ ಕಂದು ನಾಯಿ ಅದನ್ನೇ ಬಾಣಂತಿ ಕೋಣೆ ಮಾಡಿಕೊಂಡಿತು. ಮರಿಗಳು ತಾಯಿಯ ಹಾಲು ಬಿಟ್ಟ ಮೇಲೆ ಒಂದೊಂದೂ ಒಂದೊಂದು ಮನೆ ಸೇರಿದವು. ಉಳಿದ ಕಪ್ಪು ಮರಿಯನ್ನು ನನ್ನ ಮಗ, ಮಗಳು ಸ್ಕೂಲ್ ಬ್ಯಾಗಿನಲ್ಲಿ ಹಾಕಿಕೊಂಡು ಬಂದರು. ನಮ್ಮತ್ತೆ ನಡುಮನೆಯಲ್ಲಿ ನಿಂತು, "ನಾಯಿ ಹೊಸ್ತಿಲು ದಾಟಿದ್ರೆ ನಾನು ಗುಬ್ಬಿಗೆ ಹೊರಟೆ" ಅಂದರು. ಗುಬ್ಬಿ ಅವರ ತವರು. ಬಸ್ಸಿಗೇನೂ ಕೊರತೆ ಇಲ್ಲ. ಮರಿ ಹೊಸ್ತಿಲು ದಾಟಿತು. ದಾಟುವಾಗ ಮುಗ್ಗರಿಸಿ ಮೂತಿ ನೆಲಕ್ಕೆ ಬಡಿದುಕೊಂಡು ಕುಂಯ್ ಅಂತು. "ಅಯ್ಯೋ, ನೋಡ್ಕಂಡ್ ಬರಬಾರ್ದೇನೋ" ಅಂದವರು ನಮ್ಮತ್ತೆಯೇ. ಗುಬ್ಬಿಯ ಮಾತು ಅಲ್ಲಿಗೆ ಮುಗಿಯಿತು.

ಹೆಸರಿಗೆ ಮಗ 'ರಾಕಿ' ಅಂದ. ಮಗಳು 'ಓರಿಯೋ' ಅಂದಳು. ನಮ್ಮೆಜಮಾನರು ಅವರ ಆಫೀಸಿನ ಸಾಹೇಬರ ಹೆಸರಿಡೋಣ ಅಂದರು, ಬೈಯೋಕೆ ಅನುಕೂಲ ಅಂತೆ. ಅತ್ತೆ ಒಂದು ಸಲ ನೋಡಿ, "ಕಪ್ಪಗೈತೆ, ಕರಿಯ ಅನ್ನಿ" ಅಂದರು. ಅದೇ ಉಳಿಯಿತು. ಆದರೆ ಮರಿ ಯಾವ ಹೆಸರಿಗೂ ಬರುತ್ತಿರಲಿಲ್ಲ. ಬಿಸ್ಕತ್ ಡಬ್ಬಿಯ ಮುಚ್ಚಳ ಟಕ್ ಅಂದರೆ ಮಾತ್ರ ಎಲ್ಲಿದ್ದರೂ ಓಡಿ ಬರುತ್ತಿತ್ತು.

ಮೊದಲ ಸಲ ತೋರಿಸಿದಾಗ ಪಶುವೈದ್ಯರು ಎರಡೇ ಮಾತು ಹೇಳಿದ್ದರು. ಒಂದು ಕೆಲಸಕ್ಕೆ ಒಂದೇ ಮಾತು, ಅದನ್ನೇ ಮನೆಯವರೆಲ್ಲ ಹೇಳಬೇಕು. ಎರಡನೆಯದು, ಹೇಳಿದ್ದು ಮಾಡಿದರೆ ಒಂದೆರಡು ಸೆಕೆಂಡಿನೊಳಗೆ ತಿಂಡಿ ಬಾಯಿಗೆ ಬೀಳಬೇಕು. ತಡವಾದರೆ ಯಾವುದಕ್ಕೆ ಕೊಟ್ಟರು ಅನ್ನೋದು ಮರಿಗೆ ಗೊತ್ತಾಗಲ್ಲ.

ಕೇಳೋಕೆ ಸುಲಭ, ಅಲ್ವಾ? ನಮ್ಮ ಮನೆಯಲ್ಲಿ ಐದು ಜನ. ಮಗ 'ಸಿಟ್' ಅನ್ನುತ್ತಾನೆ. ಮಗಳು 'ಸಿಟ್ ಡೌನ್ ಬೇಬಿ'. ನಾನು 'ಕೂತ್ಕೋ'. ನಮ್ಮೆಜಮಾನರದ್ದು 'ಏಯ್, ಒಂದ್ಕಡೆ ಕೂತ್ಕೊಳ್ಳೋ ಮಾರಾಯ, ಸುಸ್ತಾಗಲ್ವಾ ನಿನಗೆ' ಅಂತ ಪೂರ್ತಿ ವಾಕ್ಯ. ಅತ್ತೆ 'ಕುಂತ್ಕಳೋ ಮುಂಡೇದೆ'. ಇನ್ನು ತಿಂಡಿಯ ವಿಚಾರ. ಅಪರೂಪಕ್ಕೆ ಮರಿ ಕೂತರೆ ನಮ್ಮೆಜಮಾನರು "ಭೇಷ್!" ಅಂತ ಎದ್ದು, ಅಡುಗೆಮನೆಗೆ ಹೋಗಿ, ಡಬ್ಬಿ ಎಲ್ಲಿ ಅಂತ ನನ್ನನ್ನು ಕೂಗಿ ಕೇಳಿ, ಬಿಸ್ಕತ್ ತರುವಷ್ಟರಲ್ಲಿ ಕರಿಯ ಎದ್ದು ಹೋಗಿ ಟಿವಿ ಸ್ಟ್ಯಾಂಡಿನ ವೈರ್ ಕಡಿಯುತ್ತಿರುತ್ತಾನೆ. ಬಿಸ್ಕತ್ ಆಗ ಬಾಯಿಗೆ ಬೀಳುತ್ತದೆ. ವೈರ್ ಕಡಿದರೆ ಬಿಸ್ಕತ್ ಸಿಗುತ್ತದೆ ಅನ್ನುವ ಪಾಠ ಅವನಿಗೆ ಬಹಳ ಚೆನ್ನಾಗಿ ಬಂತು.

ಉಚ್ಚೆಯ ಕಥೆ ಬೇರೆ. ಮರಿಗೆ ಎಷ್ಟು ತಿಂಗಳೋ ಅಷ್ಟು ಗಂಟೆ ತಡೆದುಕೊಳ್ಳುತ್ತದೆ, ಜಾಸ್ತಿ ಅಂದರೆ ಇನ್ನೊಂದು ಗಂಟೆ. ಮಲಗಿ ಎದ್ದ ತಕ್ಷಣ, ತಿಂದ ಮೇಲೆ, ಆಟ ಮುಗಿದ ಮೇಲೆ ಹೊರಗೆ ಕರೆದುಕೊಂಡು ಹೋಗಬೇಕು. ಪೇಪರ್ ಹಾಸಿ, ತಾನೇ ಕಲಿಯುತ್ತೆ ಅಂತ ಇಡೀ ಬೀದಿಯೇ ಹೇಳಿತ್ತು. ಹಾಸಿದೆವು. ಅವನು ಪೇಪರನ್ನು ಚೂರು ಚೂರು ಮಾಡಿ, ಅದರ ಪಕ್ಕದ ಟೈಲ್ಸ್ ಮೇಲೆ ಕೆಲಸ ಮುಗಿಸಿದ. ಫಿನಾಯಿಲ್ ಹಾಕಿ ಒರೆಸಿದರೂ ಮತ್ತೆ ಅದೇ ಜಾಗ. ನಮಗೆ ಫಿನಾಯಿಲ್ ವಾಸನೆ, ಅವನಿಗೆ ಅದರ ಕೆಳಗಿರುವ ಉಚ್ಚೆಯ ವಾಸನೆ. ಅಮೋನಿಯಾ ಇರುವ ಕ್ಲೀನರ್ ಅಂತೂ ಹಾಕಲೇಬಾರದಂತೆ, ಉಚ್ಚೆಯಲ್ಲಿ ಇರುವುದೂ ಅದೇ ವಾಸನೆ. ಕಲೆ ಕೊಳೆಸುವ ಎಂಜೈಮ್ ಇರುವ ದ್ರಾವಣ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ. ಅದರ ಬೆಲೆ ಅತ್ತೆಗೆ ಇನ್ನೂ ಗೊತ್ತಿಲ್ಲ.

ಒಂದು ದಿನ ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿ, ಹಣೆಗೆ ವಿಭೂತಿ ಇಟ್ಟು, ಚೊಂಬು ಹಿಡಿದು ತುಳಸಿ ಕಟ್ಟೆಗೆ ಹೋದರು. ಕಟ್ಟೆಯ ಮಣ್ಣಿನಲ್ಲಿ, ತುಳಸಿ ಬುಡಕ್ಕೆ ಒರಗಿ ಕರಿಯ ಬೆನ್ನು ಬಗ್ಗಿಸಿ ಕೂತಿದ್ದ. ಕಿವಿ ಹಿಂದಕ್ಕೆ, ಕಣ್ಣು ಅರ್ಧ ಮುಚ್ಚಿ, ದೂರದಲ್ಲಿ ಏನನ್ನೋ ನೋಡುತ್ತಾ. ಅಷ್ಟು ಏಕಾಗ್ರತೆಯಲ್ಲಿ ನಮ್ಮ ಮನೆಯಲ್ಲಿ ಯಾರೂ ಪೂಜೆಗೂ ಕೂತಿಲ್ಲ. "ಶಿವಶಿವಾ!" ಅನ್ನುವ ಕೂಗಿಗೆ ಪಕ್ಕದ ಮನೆಯವರು ಕಾಂಪೌಂಡಿಗೆ ಬಂದರು. ಚೊಂಬು ಎಲ್ಲಿಗೋ ಉರುಳಿತು. ಕರಿಯ ಮಾತ್ರ ಶುರು ಮಾಡಿದ್ದನ್ನು ಮುಗಿಸಿಯೇ ಇಳಿದ.

ಬೈದರೆ ಬುದ್ಧಿ ಬರುತ್ತೆ ಅನ್ನುವವರಿಗೆ ಒಂದು ಮಾತು. ಬೈದರೆ ಮರಿ ಕಲಿಯುವುದು 'ಇಲ್ಲಿ ಮಾಡಬಾರದು' ಅಂತ ಅಲ್ಲ, 'ಇವರ ಎದುರಿಗೆ ಮಾಡಬಾರದು' ಅಂತ. ಆ ದಿನದಿಂದ ಸೋಫಾ ಹಿಂದೆ ಶುರುವಾಯಿತು.

ಫೋನಿನಲ್ಲಿ ಪಶುವೈದ್ಯರು ಕೇಳಿದ್ದು ಒಂದೇ ಪ್ರಶ್ನೆ, "ಮರಿ ಹುಟ್ಟಿದ್ದು ಎಲ್ಲಿ?" ಹುಟ್ಟಿದಾಗಿನಿಂದ ಯಾವ ನೆಲದ ಮೇಲೆ ಓಡಾಡಿದೆಯೋ, ಮರಿಗೆ ಅಂಥ ನೆಲವೇ ಬಚ್ಚಲು. ಮರಳಲ್ಲಿ ಹುಟ್ಟಿದ ಮರಿ ಮರಳೋ ಮಣ್ಣೋ ಹುಡುಕುತ್ತದೆ. ನಮ್ಮ ಮನೆಯಲ್ಲೋ ಎಲ್ಲ ಕಡೆ ಟೈಲ್ಸ್, ಕಾಂಪೌಂಡಿನವರೆಗೂ ಸಿಮೆಂಟು. ಮಣ್ಣು ಅಂತ ಇದ್ದದ್ದು ತುಳಸಿ ಕಟ್ಟೆಯಲ್ಲಿ ಮಾತ್ರ. ಪಾಪ, ಅವನ ಲೆಕ್ಕ ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಎದುರು ಸೈಟಿನ ಕೆಲಸ ಮತ್ತೆ ಶುರುವಾಗಿತ್ತು. ನಮ್ಮೆಜಮಾನರು ಬಕೆಟ್ ಹಿಡಿದು ಹೋಗಿ ಒಂದಿಷ್ಟು ಮರಳು ಕೇಳಿದರು. ಮೇಸ್ತ್ರಿ, "ಯಾತಕ್ಕೆ ಸಾರ್, ಪ್ಲಾಸ್ಟರಿಂಗಿಗಾ, ಕಾಂಕ್ರೀಟಿಗಾ?" ಅಂದ. ಇವರು ಇದ್ದದ್ದು ಇದ್ದ ಹಾಗೆ ಹೇಳಿದರು. ಮೇಸ್ತ್ರಿ ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಹಂಗಾದ್ರೆ ಜರಡಿ ಹಿಡಿದಿರೋದು ತಗಳಿ ಸಾರ್, ನುಣ್ಣಗಿರ್ತದೆ" ಅಂದ. ಹಳೇ ಪ್ಲಾಸ್ಟಿಕ್ ಟಬ್ಬಿನಲ್ಲಿ ಆ ಮರಳು ತುಂಬಿ, ಅವನ ಉಚ್ಚೆ ಒರೆಸಿದ ಬಟ್ಟೆಯನ್ನು ಮೇಲೆ ಒಂದು ಸಲ ತಿಕ್ಕಿ, ಹಿತ್ತಲಲ್ಲಿ ಇಟ್ಟೆವು. ಕರಿಯ ಮೂಸಿ ನೋಡಿ, ಸುತ್ತು ಹಾಕಿ, ಕೂತ. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಮಗ ಹತ್ತನೇ ಕ್ಲಾಸ್ ಪಾಸಾದರೂ ಇಷ್ಟು ಸಂಭ್ರಮ ಆಗುತ್ತೋ ಇಲ್ಲವೋ.

ರಾತ್ರಿಯ ಅಳು ಬಗ್ಗೆ ಹೆಚ್ಚು ಬರೆಯಲ್ಲ. ಮರಿಗಳು ದಿನಕ್ಕೆ ಹದಿನೆಂಟು ಗಂಟೆ ನಿದ್ದೆ ಮಾಡುತ್ತವಂತೆ. ಮಾಡುತ್ತವೆ, ಹಗಲು ಹೊತ್ತು.

ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆ ಬಂತು. ದನದ ಜಾತ್ರೆ ನೋಡಲು ಬಂದ ನೆಂಟರೆಲ್ಲ ನಮ್ಮಲ್ಲಿ ಕಾಫಿ ಕುಡಿದೇ ಹೋಗುವುದು. ನಮ್ಮೆಜಮಾನರ ಸೋದರಮಾವ ಹೊಸ ಚರ್ಮದ ಮೆಟ್ಟು ಹಾಕಿಕೊಂಡು, ಜೀರು ಜೀರು ಅನ್ನಿಸುತ್ತಾ ಬಂದರು. ಮರಿ ನಾಯಿಗೆ ಇಪ್ಪತ್ತೆಂಟು ಹಾಲು ಹಲ್ಲು, ಒಂದೊಂದೂ ಸೂಜಿ. ಅವು ಮೂರು ನಾಲ್ಕು ತಿಂಗಳಿಗೆ ಬೀಳಲು ಶುರುವಾಗಿ, ಆರೇಳು ತಿಂಗಳ ಹೊತ್ತಿಗೆ ನಲವತ್ತೆರಡು ಹಲ್ಲು ಬರುವ ತನಕ ಕಂಡದ್ದೆಲ್ಲ ಕಡಿಯಬೇಕು. ಮಾವ ಹೋರಿ ಜೋಡಿಯ ಬೆಲೆ ಹೇಳಿ ಮುಗಿಸುವಷ್ಟರಲ್ಲಿ ಎಡಗಾಲಿನ ಮೆಟ್ಟಿಗೆ ಉಂಗುಷ್ಟ ಇರಲಿಲ್ಲ. ಬಲಗಾಲಿನದ್ದು ಹೊಳೆಯುತ್ತಾ ಹಾಗೇ ಇತ್ತು. ಮಾವ ನಮ್ಮ ಬಚ್ಚಲುಮನೆಯ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಜಾತ್ರೆಗೆ ವಾಪಸ್ ಹೋದರು. ಆ ಚಪ್ಪಲಿಯ ಕಥೆ ನಮಗಿಂತ ಮೊದಲು ಊರು ತಲುಪಿತು.

ಕಡಿಯೋಕೆ ಬಟ್ಟೆ ಒದ್ದೆ ಮಾಡಿ, ಹುರಿ ಹಾಕಿ, ಫ್ರೀಜರಿನಲ್ಲಿಟ್ಟು ಕೊಡಿ, ಒಸಡಿಗೆ ತಂಪು ಅಂದರು ಪಶುವೈದ್ಯರು. ಒಳ್ಳೆಯ ಉಪಾಯ. ತಲೆನೋವು ಅಂತ ನಮ್ಮೆಜಮಾನರು ಅದನ್ನು ಹಣೆಗೆ ಕಟ್ಟಿಕೊಂಡು ಮಲಗಿದ್ದು ಒಂದು ಬಿಟ್ಟರೆ ಬೇರೆ ತೊಂದರೆ ಆಗಲಿಲ್ಲ. ಅದನ್ನು ಕರಿಯ ಒಮ್ಮೆ ಕಡಿದು ಬಿಟ್ಟಿದ್ದ ಅಂತ ನಾನು ಹೇಳಲಿಲ್ಲ. ತಲೆನೋವು ಹೋಗಿತ್ತಲ್ಲ.

ಊಟದ ವಿಷಯಕ್ಕೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. "ನಮ್ಮೂರಲ್ಲಿ ನಾಯಿಗಳು ಮುದ್ದೆ ಸಾರು ತಿಂದ್ಕಂಡೇ ಗುಂಡಗಿದ್ದೋ" ಅನ್ನುವುದು ಅತ್ತೆಯ ವಾದ. ಮುದ್ದೆಗೆ ಯಾರ ತಕರಾರೂ ಇಲ್ಲ. ತೊಂದರೆ ಇರುವುದು ಸಾರಿನಲ್ಲಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಬಿಡುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಹೊಡೆಯುತ್ತವೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಇರಬಹುದು ಅಂತ 2021ರಲ್ಲಿ ಅಮೆರಿಕದ ಪಶುವೈದ್ಯರು ಬರೆದರು. ಅದೇ ಆಮ್ಲ ತುಂಬಿರುವುದು ನಮ್ಮ ಹುಣಸೆಹಣ್ಣಿನಲ್ಲಿ! ಇದನ್ನು ತುಮಕೂರಿನವರಿಗೆ ಹೇಳಿ ನೋಡಿ. ಬೇಸಿಗೆ ಬಂದರೆ ಬಟವಾಡಿಯ ಎಪಿಎಂಸಿ ಯಾರ್ಡಿನಲ್ಲಿ ಹುಣಸೆಹಣ್ಣಿನ ರಾಶಿ. ನಮ್ಮತ್ತೆ ವರ್ಷಕ್ಕಾಗುವಷ್ಟು ತರಿಸಿ, ಚಾಪೆ ಹಾಸಿ, ಸುತ್ತಿಗೆಯಲ್ಲಿ ಕುಟ್ಟಿ ಬೀಜ ತೆಗೆಯುತ್ತಾ ಕೂರುತ್ತಾರೆ. ಆ ದಿನ ಕರಿಯ ಚಾಪೆಯ ಪಕ್ಕದಲ್ಲೇ ಮಲಗಿದ್ದ. ಬಾಯಿ ಆಡುತ್ತಿತ್ತು. ನಾನು ಕಿರುಚಿದೆ, ಅತ್ತೆ ಸುತ್ತಿಗೆ ಬಿಸಾಕಿ ಅವನ ಬಾಯಿಗೆ ಬೆರಳು ಹಾಕಿದರು. ಸಿಕ್ಕಿದ್ದು ಚಾಪೆಯ ದಾರ. ಆದರೂ ಅವತ್ತು ಇಡೀ ದಿನ ಅವನು ಸೀನಿದರೂ ಪಶುವೈದ್ಯರಿಗೆ ಫೋನ್ ಹೋಗುತ್ತಿತ್ತು.

ಅದಾದ ಮೇಲೆ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ. 'ಕರಿಯನಿಗೆ ಕೊಡಬಾರದ್ದು: ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಹುಣಸೆ, ಚಾಕಲೇಟ್.' ಸಂಜೆ ಹೊತ್ತಿಗೆ ಕೆಳಗೆ ನಮ್ಮೆಜಮಾನರ ಅಕ್ಷರದಲ್ಲಿ 'ನನ್ನ ಚಪ್ಪಲಿ' ಅಂತ ಸೇರಿತ್ತು. ಮೊಟ್ಟೆ ಕೊಡಬಹುದು, ಒಳ್ಳೆಯದು. ಆದರೆ ನಮ್ಮದು ಮೊಟ್ಟೆ ಕಾಣದ ಅಡುಗೆಮನೆ. ಅಪ್ಪ ಮಗ ಮಹಡಿಯ ರೂಮಿನಲ್ಲಿ ನೀರು ಕಾಯಿಸುವ ಕೆಟಲ್‌ನಲ್ಲಿ ಬೇಯಿಸುತ್ತಾರೆ. ಅತ್ತೆಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಅತ್ತೆ ಗೊತ್ತಿಲ್ಲದವರ ಹಾಗೆ ಇದ್ದಾರೆ.

ಆಟ ಆಡುವಾಗ ಮಗನ ಕೈಗೆ ಹಲ್ಲು ತಾಗಿ ಸ್ವಲ್ಪ ರಕ್ತ ಬಂತು. ಇಲ್ಲಿ ತಮಾಷೆ ಇಲ್ಲ. ಮರಿಯೇ ಆದರೂ, ಮನೆಯದೇ ಆದರೂ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಹೇಮಾವತಿ ನೀರು ಬಿಡುವ ದಿನ ಅದಾಗಿರಲಿಲ್ಲ, ಸಿಂಟೆಕ್ಸ್ ತಳ ಕಂಡಿತ್ತು, ಆದರೂ ಪೂರ್ತಿ ತೊಳೆದೆವು. ಮೊದಲ ದಿನ, ಆಮೇಲೆ 3, 7, 28ನೇ ದಿನ ಅಂತ ತೋಳಿಗೆ ಚುಚ್ಚಿಸಿಕೊಂಡು ಬಂದ ಮಗ, ಸ್ಕೂಲಿನಲ್ಲಿ ಚಿರತೆ ಪರಚಿದೆ ಅಂತ ಹೇಳಿಕೊಂಡು ಓಡಾಡಿದ. ದೇವರಾಯನದುರ್ಗ ಹತ್ತಿರ ಇರುವುದರಿಂದ ಒಂದಿಬ್ಬರು ನಂಬಿದರಂತೆ.

ಮರಿಗೂ ಲಸಿಕೆ ಸಾಲಾಗಿ ಇರುತ್ತವೆ. ಆರರಿಂದ ಎಂಟು ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಂದು, ಹದಿನಾರು ವಾರ ಆಗುವವರೆಗೆ. ಅದು ಮುಗಿಯುವ ತನಕ ಬೀದಿಯ ನೆಲಕ್ಕೆ ಬಿಡಬಾರದು, ಪಾರ್ವೊ ಅನ್ನುವ ವೈರಸ್ ಕಾಯಿಲೆ ಬಂದರೆ ಮರಿಗಳು ಉಳಿಯುವುದು ಕಷ್ಟ. ಹಾಗಾಗಿ ಎಲ್ಲಿಗೆ ಹೋದರೂ ಎತ್ತಿಕೊಂಡೇ ಹೋಗಬೇಕು. ಒಂದು ಸಲ ತರಕಾರಿ ಬ್ಯಾಗಿನಲ್ಲಿ ಕೂರಿಸಿ, ಸ್ಕೂಟರಿನ ಮುಂದೆ ಇಟ್ಟುಕೊಂಡು ಬಿ.ಎಚ್. ರಸ್ತೆಯಲ್ಲಿ ಹೋದೆ. ಎಳೆ ಮರಿಗಳಿಗೆ ಗಾಡಿಯಲ್ಲಿ ಹೊಟ್ಟೆ ತೊಳೆಸುವುದು ಜಾಸ್ತಿ. ಟೌನ್ ಹಾಲ್ ಸಿಗ್ನಲ್ಲಿನಲ್ಲಿ ಬ್ಯಾಗಿನಿಂದ ವಿಚಿತ್ರ ಸದ್ದು ಬಂತು. ಪಕ್ಕದ ಆಟೋದವನು ಬಗ್ಗಿ ನೋಡಿ, "ಮೇಡಂ, ನಿಮ್ಮ ತರಕಾರಿ ವಾಂತಿ ಮಾಡ್ಕತಾ ಐತೆ" ಅಂದ.

ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಆ ದಿನ ನಮ್ಮೆಜಮಾನರಿಗೆ ಆಫೀಸು, ಮಕ್ಕಳಿಗೆ ಪರೀಕ್ಷೆ. ಅತ್ತೆ ಸೀರೆ ಬದಲಿಸಿ ಬಂದು, "ನಡಿ, ನಾನು ಹಿಡ್ಕಂತೀನಿ" ಅಂದರು. ಆಟೋದಲ್ಲಿ ಕರಿಯ ಅವರ ಮಡಿಲಲ್ಲಿ ನಿದ್ದೆ ಮಾಡಿದ. ಆಸ್ಪತ್ರೆಯಲ್ಲಿ ಪಕ್ಕದ ಬೆಂಚಿನಲ್ಲಿ ಒಬ್ಬರು ದೊಡ್ಡ ಲ್ಯಾಬ್ರಡಾರ್ ಹಿಡಿದು ಕೂತಿದ್ದರು. ಬೆಂಗಳೂರಿನಿಂದ ಟ್ರೈನರ್ ಬಂದು ಕಲಿಸುತ್ತಾನೆ ಅಂತ ಕೇಳದೇ ಇದ್ದರೂ ಹೇಳಿದರು. ಆಮೇಲೆ ಕರಿಯನನ್ನು ನೋಡಿ, "ಅಜ್ಜಿ, ಇದು ಯಾವ ಜಾತಿ?" ಅಂದರು.

"ನಮ್ದೇ ಕಣಪ್ಪ" ಅಂದರು ಅತ್ತೆ.

ಒಳಗೆ ಮೇಜಿನ ಮೇಲೆ ಕರಿಯ ಒಂದೇ ಸಮ ಕುಣಿಯುತ್ತಿದ್ದ. ಡಾಕ್ಟರು 'ಸಿಟ್' ಅಂದರು. ನಾನು 'ಕೂತ್ಕೋ' ಅಂದೆ. ಅತ್ತೆ ಸೆರಗಿನ ಗಂಟು ಬಿಚ್ಚುತ್ತಾ, "ಕುಂತ್ಕಳೋ ಮುಂಡೇದೆ" ಅಂದರು. ಕರಿಯ ಟಪ್ಪನೆ ಕೂತ. ಕೂತ ಕ್ಷಣಕ್ಕೇ ಗಂಟಿನಿಂದ ಒಂದು ಚೂರು ರಾಗಿ ರೊಟ್ಟಿ ಬಾಯಿಗೆ ಬಿತ್ತು. ಒಂದು ಸೆಕೆಂಡೂ ತಡ ಇಲ್ಲ. ಸೂಜಿ ಒಳಗೆ ಹೋಗಿ ಹೊರಗೆ ಬಂದರೂ ಅವನಿಗೆ ಗೊತ್ತಾಗಲಿಲ್ಲ. ಡಾಕ್ಟರು ನಗುತ್ತಾ, "ಮುಂದಿನ ಸಲಾನೂ ಅಜ್ಜೀನೇ ಕರ್ಕೊಂಡು ಬನ್ನಿ" ಅಂದರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಲ್ಯಾಬ್ರಡಾರ್‌ನವರು, "ಅಜ್ಜಿ, ನಮ್ಮವನಿಗೂ ಒಂದ್ಸಲ ಹೇಳಿ ನೋಡಿ" ಅಂದರು. ಅತ್ತೆ ಹೇಳಿದರು. ನಾಯಿ ಬಾಲ ಆಡಿಸಿಕೊಂಡು ನಿಂತೇ ಇತ್ತು. ಇನ್ನೊಂದು ಸಲ ಗಟ್ಟಿಯಾಗಿ ಹೇಳಿದರು. ಇಲ್ಲ. ಅತ್ತೆ ಅದನ್ನು ಕನಿಕರದಿಂದ ನೋಡಿ, ಅದರ ಯಜಮಾನರ ಕಡೆ ತಿರುಗಿದರು.

"ಪಾಪ, ಇದಕ್ಕೆ ಕನ್ನಡ ಬರಕಿಲ್ವೇನಪ್ಪಾ?"