ಪುಟ್ಟ ಮಕ್ಕಳ ಜೊತೆ ಹೊರಟರೆ ದಿನಕ್ಕೆ ಒಂದೇ ಜಾಗ ಸಾಕು

ರಜೆ ಶುರುವಾಗುವ ಮುಂಚೆಯೇ ಹೇಳಿಬಿಡುತ್ತೇನೆ. ಮನೆಯಲ್ಲಿ ಆರು ವರ್ಷದೊಳಗಿನ ಮಗು ಇದ್ದರೆ 'ಒಂದೇ ದಿನದಲ್ಲಿ ಮೈಸೂರು' ಅನ್ನುವ ಪ್ಲಾನ್ ಹಾಕಬೇಡಿ. ಬೆಳಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಜೂ, ಊಟ ಆದ ತಕ್ಷಣ ಅರಮನೆ, ಸಂಜೆ ಕೆಆರ್‌ಎಸ್ ಕಾರಂಜಿ, ರಾತ್ರಿಯೇ ವಾಪಸ್ ಬೆಂಗಳೂರು. ಈ ಪಟ್ಟಿ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಒಂದು ಜಾಗ ಬಿಟ್ಟು ಬಂದರೂ 'ಅಷ್ಟು ದೂರ ಹೋಗಿ ಅದನ್ನ ನೋಡ್ಲಿಲ್ವಾ?' ಅಂತ ಕೇಳುವವರು ಸಿಕ್ಕೇ ಸಿಗುತ್ತಾರೆ. ನೋಡಲಿಲ್ಲ. ಮಗು ಮಲಗಿತ್ತು. ಅಷ್ಟು ಉತ್ತರ ಸಾಕು ಅಲ್ವಾ?

ಬೃಂದಾವನಕ್ಕೆ ಭಾನುವಾರ ಸಂಜೆ ಹೋದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಸಂಗೀತ ಕಾರಂಜಿ ಇರುವುದು ತೋಟದ ಆ ತುದಿಯಲ್ಲಿ. ಗೇಟಿನಿಂದ ಇಳಿದು, ತೋಟ ದಾಟಿ, ಸೇತುವೆ ದಾಟಿ ನಡೆಯಬೇಕು. ಅಷ್ಟು ಹೊತ್ತಿಗೆ ಬೆಳಗ್ಗೆ ಐದಕ್ಕೆ ಎದ್ದಿರುವ ಮಕ್ಕಳ ಕಥೆ ಮುಗಿದಿರುತ್ತದೆ. ಆ ಸೇತುವೆಯ ಮೇಲೆ ಎಷ್ಟೊಂದು ಅಪ್ಪಂದಿರು ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಿರುತ್ತಾರೆ. ಮಗುವಿನ ತಲೆ ಒಂದು ಕಡೆ ವಾಲಿರುತ್ತದೆ, ಒಂದು ಕಾಲಿನ ಚಪ್ಪಲಿ ಅಮ್ಮನ ಕೈಯಲ್ಲಿ. ಕಾರಂಜಿ ಶುರುವಾಗಿ ಸ್ಪೀಕರ್‌ನಲ್ಲಿ ಜೋರಾಗಿ ಹಾಡು ಬಂದ ಕೂಡಲೇ ಮಗು ಬೆಚ್ಚಿಬಿದ್ದು ಅಳಲು ಶುರು ಮಾಡುತ್ತದೆ. ಆಗ ಅದಕ್ಕೆ ಬೈಗುಳ. 'ಇಷ್ಟು ದುಡ್ಡು ಖರ್ಚು ಮಾಡಿ ಕರ್ಕೊಂಡು ಬಂದಿದೀವಿ, ನೋಡೋಕೆ ಏನು ನಿಂಗೆ?' ಈ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಕರೆದುಕೊಂಡು ಹೋಗಿ ಅಂತ ಮೂರು ವರ್ಷದ ಮಗು ನಿಮ್ಮನ್ನು ಕೇಳಿರಲಿಲ್ಲ.

ಥೀಮ್ ಪಾರ್ಕ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅತಿ ಜಾಸ್ತಿ ದುಡ್ಡು ಹೋಗುವುದು ಅಲ್ಲೇ. ಬಿಡದಿಯ ವಂಡರ್‌ಲಾ 2005ರಲ್ಲಿ ಶುರುವಾಯಿತು. ಅಲ್ಲಿ ಮಕ್ಕಳ ಟಿಕೆಟ್ ನಿರ್ಧಾರವಾಗುವುದು ವಯಸ್ಸಿನಿಂದ ಅಲ್ಲ, ಎತ್ತರದಿಂದ. 85 ಸೆಂ.ಮೀ. ಒಳಗಿದ್ದರೆ ಟಿಕೆಟ್ ಇಲ್ಲ, ಅಲ್ಲಿಂದ 140 ಸೆಂ.ಮೀ. ತನಕ ಮಕ್ಕಳ ಟಿಕೆಟ್, ಆಮೇಲೆ ದೊಡ್ಡವರ ಟಿಕೆಟ್. ಟಿವಿ ಜಾಹೀರಾತಿನಲ್ಲಿ, ರೀಲ್ಸ್‌ನಲ್ಲಿ ಕಾಣುವ ಆ ದೊಡ್ಡ ರೈಡ್‌ಗಳಲ್ಲಿ ಹಲವಕ್ಕೆ 140 ಸೆಂ.ಮೀ. ಇದ್ದರಷ್ಟೇ ಬಿಡುತ್ತಾರೆ. ನಮ್ಮ ಮಕ್ಕಳು ಸಾಮಾನ್ಯವಾಗಿ ಆ ಎತ್ತರ ಮುಟ್ಟುವುದು ಹತ್ತು-ಹನ್ನೊಂದು ವರ್ಷದ ಹೊತ್ತಿಗೆ. ನಾಲ್ಕು ವರ್ಷದ ಮಗು ಹೆಚ್ಚುಕಡಿಮೆ ಒಂದು ಮೀಟರ್ ಇರುತ್ತದೆ. ಅಂದರೆ ಪುಟ್ಟ ಮಗುವಿಗೆ ಅಲ್ಲಿ ಸಿಗುವುದು ಮಕ್ಕಳ ವಿಭಾಗದ ಚಿಕ್ಕ ಆಟಗಳು ಮತ್ತು ಆಳವಿಲ್ಲದ ನೀರು. ಅದು ಸಾಕು ಅಂತ ತಿಳಿದುಕೊಂಡು ಹೋಗುವವರು ಆರಾಮಾಗಿ ಹೋಗಿ ಬರಲಿ. ನೀರಿನಲ್ಲಿ ಆಡುವ ಮಕ್ಕಳ ಖುಷಿಗೆ ಸಾಟಿಯೇ ಇಲ್ಲ. ಆದರೆ ದೊಡ್ಡ ಅಣ್ಣಂದಿರ ಜೊತೆ ಪುಟ್ಟದನ್ನೂ ಅದೇ ಆಸೆ ತೋರಿಸಿ ಕರೆದುಕೊಂಡು ಹೋಗುವುದು ಮಗುವಿಗೆ ಮಾಡುವ ಅನ್ಯಾಯ.

ಒಂದು ಪಾರ್ಕಿನಲ್ಲಿ ರೈಡ್‌ನ ಬಾಗಿಲ ಹತ್ತಿರ ನಾನೇ ಕಣ್ಣಾರೆ ನೋಡಿದ್ದು. ಅಲ್ಲಿ ಅಳತೆಯ ಕಂಬ ಇರುತ್ತದಲ್ಲ, ಅದಕ್ಕೆ ಬೆನ್ನು ಕೊಟ್ಟು ಒಬ್ಬ ಹುಡುಗ ನಿಂತಿದ್ದ. ಹಿಮ್ಮಡಿ ಎತ್ತಿ, ಉಸಿರು ಬಿಗಿಹಿಡಿದು, ಕತ್ತು ಉದ್ದ ಮಾಡಿದ್ದ. ಕೂದಲು ಮಾತ್ರ ಗೆರೆ ಮುಟ್ಟುತ್ತಿತ್ತು. ರೈಡ್ ನಡೆಸುವ ಹುಡುಗಿ ಮೆತ್ತಗೆ ಅವನ ತಲೆಯ ಮೇಲೆ ಕೈಯಿಟ್ಟು 'ಪುಟ್ಟಾ, ಕಾಲು ಕೆಳಗಿಡು' ಅಂದಳು. ಹಿಮ್ಮಡಿ ಕೆಳಗೆ ಬಂತು, ತಲೆ ಗೆರೆಯಿಂದ ನಾಲ್ಕು ಬೆರಳು ಕೆಳಗೆ. ಅಷ್ಟರಲ್ಲಿ ಅವನ ಅಪ್ಪ ಶುರು ಮಾಡಿದರು. 'ಏನಮ್ಮಾ, ಇಷ್ಟೇ ಇಷ್ಟು ಕಮ್ಮಿ ಇದೆ, ನಾನೇ ಪಕ್ಕದಲ್ಲಿ ಕೂರ್ತೀನಿ, ಹಿಡ್ಕೊಂಡಿರ್ತೀನಿ, ಬಿಡಿ.' ಅವಳು ಬಿಡಲಿಲ್ಲ. ಹಿಂದೆ ಕ್ಯೂನಲ್ಲಿದ್ದವರೂ ಅವಳ ಮೇಲೇ ರೇಗಿದರು. ಅವಳು ಜಗ್ಗಲಿಲ್ಲ. ಆ ಹುಡುಗಿಗೆ ನನ್ನ ನಮಸ್ಕಾರ.

ಯಾಕೆ ಬಿಡಬಾರದು ಅಂದರೆ, ಆ ಸೀಟಿನಲ್ಲಿ ತೊಡೆಯ ಮೇಲೆ ಬಂದು ಕೂರುವ ಸರಳು ಒಂದು ಅಳತೆಯ ಮೈಗೆ ಮಾಡಿದ್ದು. ಇಬ್ಬರಿಗೂ ಸೇರಿ ಒಂದೇ ಸರಳು ಇರುವ ಕಡೆ ಅದು ದೊಡ್ಡವರ ತೊಡೆಗೆ ತಾಗಿ ನಿಂತುಬಿಡುತ್ತದೆ, ಪಕ್ಕದ ಮಗುವಿನ ಮೇಲೆ ಜಾಗ ಖಾಲಿ ಉಳಿಯುತ್ತದೆ. ವೇಗದಲ್ಲಿ ತಿರುಗುವಾಗ ಮಗು ಆ ಸಂದಿಯಿಂದ ಜಾರಬಹುದು. ಅಪ್ಪನ ಕೈಬಲ ಎಷ್ಟೇ ಇದ್ದರೂ ಆ ಎಳೆತದ ಮುಂದೆ ನಡೆಯುವುದಿಲ್ಲ. ಹಾಗಾಗಿ ದಯವಿಟ್ಟು ಗೇಟಿನ ಹುಡುಗರ ಜೊತೆ ವಾದ ಮಾಡಬೇಡಿ, ದಪ್ಪ ಅಟ್ಟೆಯ ಶೂ ಹಾಕಿಸಬೇಡಿ. ಹೊರಡುವ ಮುಂಚೆ ಮನೆಯ ಗೋಡೆಗೆ ನಿಲ್ಲಿಸಿ ಟೇಪಿನಲ್ಲಿ ಅಳೆದು, 'ನೀನು ಇಷ್ಟಿದ್ದೀಯ ಕಂದಾ, ಇಂಥವು ನಿನಗೆ, ಇಂಥವು ದೊಡ್ಡವಳಾದ ಮೇಲೆ' ಅಂತ ಹೇಳಿಯೇ ಕರೆದುಕೊಂಡು ಹೋಗಿ. ಮಕ್ಕಳಿಗೆ ಮೊದಲೇ ಹೇಳಿದ್ದು ಅರ್ಥವಾಗುತ್ತದೆ. ಸಾವಿರ ಜನರ ಎದುರು ವಾಪಸ್ ಕಳಿಸಿದ್ದು ಅರ್ಥವಾಗುವುದಿಲ್ಲ.

ಇನ್ನೊಂದು ಸಿಟ್ಟಿದೆ. ಊಟ ತರಬಾರದು ಅನ್ನುವ ನಿಯಮ ಹಲವು ಪಾರ್ಕುಗಳಲ್ಲಿದೆ, ಅದು ಅವರ ವ್ಯಾಪಾರ, ಇರಲಿ. ಆದರೆ ಒಂದು ಕಡೆ (ಹೆಸರು ಬೇಡ) ಮಗಳಿಗೆ ಅಂತ ಕಾಯಿಸಿ ಫ್ಲಾಸ್ಕಿನಲ್ಲಿ ತಂದಿದ್ದ ರಾಗಿ ಸರಿಯನ್ನೂ ಹೊರಗಿಟ್ಟು ಬನ್ನಿ ಅಂದರು. ಒಳಗೆ ಏನು ಸಿಗುತ್ತದೆ ಅಂತ ಕೇಳಿದರೆ ಫ್ರೈಡ್ ರೈಸ್, ಬರ್ಗರ್, ಗೋಬಿ. ಒಂದು ವರ್ಷದ ಮಗುವಿಗೆ! ಅತ್ತೆ ಅಲ್ಲೇ ಗೇಟಿನ ಹತ್ತಿರ ನೆಲದ ಮೇಲೆ ಕೂತು ಮೊಮ್ಮಗಳಿಗೆ ಪೂರ್ತಿ ತಿನ್ನಿಸಿ ಮುಗಿಸುವ ತನಕ ಒಳಗೆ ಕಾಲಿಡಲಿಲ್ಲ. ನಾವೆಲ್ಲ ಬಿಸಿಲಿನಲ್ಲೇ ಕಾದೆವು. ಮಗುವಿನ ಆಹಾರಕ್ಕೆ ತಡೆ ಹಾಕುವುದನ್ನು ಯಾವ ನಿಯಮವೂ ಸಮರ್ಥಿಸುವುದಿಲ್ಲ. ಟಿಕೆಟ್ ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳಿ, ಬೇಬಿ ಫುಡ್ ಬಿಡ್ತೀರಾ ಅಂತ. ಹತ್ತು ಜನ ಕೇಳಿದರೆ ಅವರಿಗೂ ಯೋಚನೆ ಬರುತ್ತದೆ.

ಹಾಗಾದರೆ ಎಲ್ಲಿಗೆ ಹೋಗುವುದು ಅಂತೀರಾ? ನನ್ನ ಕೇಳಿದರೆ ಮೈಸೂರಿಗೇ ಹೋಗಿ, ಆದರೆ ರೈಲಿನಲ್ಲಿ. ಹೊಸ ಹೈವೇ ಬಂದ ಮೇಲೆ ಎಲ್ಲರೂ ಕಾರು ಅಂತಾರೆ. ಕಾರಿನಲ್ಲಿ ಮಗು ಕಟ್ಟಿಹಾಕಿದ ಹಾಗೆ ಕೂತಿರಬೇಕು, ವಾಂತಿ ಬೇರೆ. ರೈಲಿನಲ್ಲಿ ಕಿಟಕಿ ಇದೆ, ಓಡಾಡಲು ಜಾಗ ಇದೆ, ಟಾಯ್ಲೆಟ್ ಇದೆ, ಮದ್ದೂರು ವಡೆ ಬರುತ್ತದೆ, ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಸೇತುವೆ ಬಂದಾಗ ಇಡೀ ಬೋಗಿಯ ಮಕ್ಕಳು ಕಿಟಕಿಗೆ ಓಡುತ್ತಾರೆ. ಐದು ವರ್ಷದ ಒಳಗಿನ ಮಕ್ಕಳಿಗೆ ಬೇರೆ ಸೀಟು ಕೇಳದಿದ್ದರೆ ಟಿಕೆಟ್ಟೂ ಇಲ್ಲ. ಮೈಸೂರಿನಲ್ಲಿ ಇಳಿದರೆ ಸ್ಟೇಷನ್ ಹತ್ತಿರವೇ ರೈಲ್ವೆ ಮ್ಯೂಸಿಯಂ. 1979ರಲ್ಲಿ ಮಾಡಿದ್ದು. ಹಳೆಯ ಉಗಿ ಎಂಜಿನ್‌ಗಳು, ಸಿಗ್ನಲ್ ಕಂಬಗಳು, ಹಳಿಯ ಮೇಲೆ ಓಡುತ್ತಿದ್ದ ಆಸ್ಟಿನ್ ಕಾರು, 1899ರ ಮಹಾರಾಣಿ ಸಲೂನ್ (ರಾಜಮನೆತನದ ರೈಲು ಬೋಗಿ). ಮಕ್ಕಳಿಗೆ ಸುತ್ತು ಹಾಕಿಸುವ ಪುಟ್ಟ ರೈಲು. ಜಾಗ ಚಿಕ್ಕದು, ಮಗು ಕೈಬಿಟ್ಟು ಓಡಿದರೂ ಕಣ್ಣಿಗೆ ಕಾಣುತ್ತಿರುತ್ತದೆ. ಇಂಥ ಜಾಗದ ಬೆಲೆ ಎರಡು ವರ್ಷದ ಮಗುವಿನ ಹಿಂದೆ ಓಡಿದವರಿಗೇ ಗೊತ್ತು. ನನ್ನ ಮಗಳು ಒಂದು ಎಂಜಿನ್ ಚಕ್ರದ ಪಕ್ಕ ನಿಂತು, ಚಕ್ರ ತನಗಿಂತ ಎತ್ತರ ಇರುವುದನ್ನು ಕೈಯಿಂದ ಅಳೆದು ಅಳೆದು ನೋಡಿದಳು. ಬೇರೆ ಏನನ್ನೂ ನೋಡಲು ಅವಳಿಗೆ ಇಷ್ಟವಿರಲಿಲ್ಲ. ನಾವೂ ಅಲ್ಲೇ ಕೂತೆವು.

ಜೂಗೆ ಹೋಗುವುದಾದರೆ ಆ ದಿನ ಜೂ ಮಾತ್ರ. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಶುರುವಾದ ಜೂ ಅದು, ಮರಗಳು ಚೆನ್ನಾಗಿ ಬೆಳೆದಿವೆ, ನೆರಳಿಗೆ ಕೊರತೆ ಇಲ್ಲ. ಮಂಗಳವಾರ ರಜೆ, ನೆನಪಿಡಿ. ಬಾಗಿಲು ತೆಗೆಯುವ ಹೊತ್ತಿಗೇ ಒಳಗೆ ಹೋಗಿ. ಪ್ರಾಣಿಗಳೂ ಆಗ ಎದ್ದು ಓಡಾಡುತ್ತಿರುತ್ತವೆ, ಮಧ್ಯಾಹ್ನ ಹೋದರೆ ಹುಲಿಯೂ ಮಲಗಿರುತ್ತದೆ, ಮಗುವೂ ಮಲಗಿರುತ್ತದೆ. ದಸರಾ ವಾರದಲ್ಲಿ ಪುಟ್ಟ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಲೇಬೇಡಿ, ಅವಕ್ಕೆ ಕಾಣುವುದು ಜನರ ಸೊಂಟ ಅಷ್ಟೇ. ಡಿಸೆಂಬರ್-ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿರುತ್ತವೆ. ಬ್ಯಾಟರಿ ಗಾಡಿ ಇದೆ, ಅಜ್ಜಿ-ತಾತ ಇದ್ದರೆ ಹತ್ತಿಸಿ. ಮತ್ತೆ, ಜರ್ಮನಿಯಿಂದ 2021ರಲ್ಲಿ ಬಂದ ಗೊರಿಲ್ಲಾ ತೋರಿಸಲೇಬೇಕು ಅಂತ ಮಗುವನ್ನು ಎಳೆದುಕೊಂಡು ಓಡಬೇಡಿ. ಮಗು ಅಳಿಲು ನೋಡುತ್ತಾ ನಿಂತಿದ್ದರೆ ಅಳಿಲೇ ಅದರ ಪಾಲಿನ ಗೊರಿಲ್ಲಾ.

ನಮ್ಮ ಶಿವಮೊಗ್ಗದ ಸಕ್ರೆಬೈಲು ಆನೆ ಬಿಡಾರದ ಬಗ್ಗೆ ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ಬೆಳಗ್ಗೆ ಎಂಟೂವರೆಯಿಂದ ಹನ್ನೊಂದರ ಸುಮಾರಿಗೆ ಎಲ್ಲ ಮುಗಿದುಹೋಗುತ್ತದೆ, ಪುಟ್ಟ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಯಾವುದಿದೆ? ಆನೆಗಳು ತುಂಗೆಯ ಹಿನ್ನೀರಿಗೆ ಇಳಿದು ಬರುತ್ತವೆ. ಮಾವುತ ಏನೋ ಅನ್ನುತ್ತಾರೆ, ಆನೆ ನಿಧಾನಕ್ಕೆ ಮಗ್ಗುಲಾಗುತ್ತದೆ, ಸೊಂಡಿಲ ತುದಿ ಮಾತ್ರ ನೀರಿನ ಮೇಲೆ. ಕಿವಿಯ ಹಿಂದೆ, ಕಾಲಿನ ಸಂದಿಯಲ್ಲಿ ಉಜ್ಜುವಾಗ ಅದು ಕಣ್ಣು ಮುಚ್ಚುತ್ತದೆ. ಅಕ್ಕನ ಮಗ ಇದನ್ನೆಲ್ಲ ನೋಡಿ 'ಅದಕ್ಕೂ ಅವ್ರಮ್ಮ ಸ್ನಾನ ಮಾಡಿಸ್ತಾರಾ?' ಅಂತ ಕೇಳಿದ. ತಾನು ಸ್ನಾನಕ್ಕೆ ರಂಪ ಮಾಡುವ ಹುಡುಗ. ಅಲ್ಲಿಗೆ ಬಂದವರೆಲ್ಲ ಹನ್ನೊಂದಕ್ಕೆ ಎದ್ದು, ಇನ್ನು ಜೋಗ ಮುಗಿಸಿಬಿಡೋಣ ಅಂತ ಹೊರಡುತ್ತಾರೆ. ಶಿವಮೊಗ್ಗದಿಂದ ಜೋಗ ನೂರು ಕಿ.ಮೀ. ಆಸುಪಾಸು. ಬೇಡ. ಹೋಗಿ ಊಟ ಮಾಡಿಸಿ ಮಲಗಿಸಿ. ಜೋಗ ಎಲ್ಲಿಗೂ ಹೋಗುವುದಿಲ್ಲ.

ಬೆಂಗಳೂರಿನವರಿಗೆ ದೂರವೇ ಬೇಕಿಲ್ಲ. ನಮ್ಮ ಮೆಟ್ರೋ ಹತ್ತಿ, ಮೂರು ಅಡಿಗಿಂತ ಕಮ್ಮಿ ಇರುವ ಮಕ್ಕಳಿಗೆ ಅದರಲ್ಲಿ ಟಿಕೆಟ್ ಇಲ್ಲ, ಕಬ್ಬನ್ ಪಾರ್ಕ್‌ನಲ್ಲಿ ಇಳಿಯಿರಿ. ಹುಲ್ಲಿನ ಮೇಲೆ ಚಾಪೆ ಹಾಸಿ ಚಿತ್ರಾನ್ನ ತಿನ್ನಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ 1962ರಿಂದ ಇದೆ, ಅಲ್ಲಿ ಗುಂಡಿ ಒತ್ತಿದರೆ ಏನಾದರೂ ತಿರುಗುತ್ತದೆ, ಉರಿಯುತ್ತದೆ, ಸದ್ದು ಮಾಡುತ್ತದೆ. ಮುಟ್ಟಬೇಡ ಅನ್ನುವ ಮಾತು ಕಮ್ಮಿ ಇರುವ ಜಾಗ ಮಕ್ಕಳಿಗೆ ಬಲು ಇಷ್ಟ. ರಾಮನಗರದ ಜಾನಪದ ಲೋಕವೂ ಹಾಗೇ ನಿಧಾನದ ಜಾಗ, ಎಚ್.ಎಲ್. ನಾಗೇಗೌಡರು ಕಟ್ಟಿದ್ದು, ಅಲ್ಲಿಯೂ ಮಂಗಳವಾರ ರಜೆ. ಹಾಗೇ ಮುಂದೆ ಹೋದರೆ ಚನ್ನಪಟ್ಟಣ. ಅಂಗಡಿಯಲ್ಲಿ ಕೊಂಡು ಬರುವುದಕ್ಕಿಂತ, ಗೊಂಬೆ ಮಾಡುವ ಕಡೆ ನಿಂತು ನೋಡಲು ಬಿಟ್ಟರೆ ನೋಡಿ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದ ಕೂಡಲೇ ಬಿಳಿ ಮರ ಕೆಂಪಗೆ ಹೊಳೆಯುತ್ತದೆ. ಮಕ್ಕಳು ಬಾಯಿ ತೆರೆದುಕೊಂಡು ನಿಲ್ಲುತ್ತಾರೆ.

ಅಜ್ಜಿ-ತಾತನನ್ನು ಬಿಟ್ಟು ಹೋಗಬೇಡಿ ಅಂತಲೂ ಹೇಳಬೇಕು. ಅವರು ನಿಧಾನ ಅಂತ ಹೇಳಿ ಬಿಟ್ಟು ಹೋಗುತ್ತೇವೆ. ಮೂರು ವರ್ಷದ ಮಗುವಿಗೂ ಅರವತ್ತೈದರ ಅಜ್ಜಿಗೂ ಒಂದೇ ಹೆಜ್ಜೆ, ಇಬ್ಬರಿಗೂ ಗಂಟೆಗೊಮ್ಮೆ ಕೂರಬೇಕು, ಬಾತ್‌ರೂಮ್ ಬೇಕು, ಮಧ್ಯಾಹ್ನ ಕಣ್ಣು ಎಳೆಯುತ್ತದೆ. ಅವಸರ ಇರುವುದು ಮಧ್ಯದ ನಮಗೆ ಮಾತ್ರ.

ಇಷ್ಟೆಲ್ಲ ಅಪ್ಪ-ಅಮ್ಮಂದಿರಿಗೆ ಹೇಳಿದೆ. ಪ್ರವಾಸೋದ್ಯಮ ಇಲಾಖೆಗೂ, ಪಾರ್ಕು ನಡೆಸುವವರಿಗೂ ಹೇಳುವುದಿದೆ. ಗೇಟಿನ ಮುಂದೆ ಸೆಲ್ಫಿ ಪಾಯಿಂಟ್ ಕಟ್ಟಿಸುತ್ತೀರಿ, ದೊಡ್ಡ ಅಕ್ಷರದಲ್ಲಿ ಊರಿನ ಹೆಸರು ನಿಲ್ಲಿಸುತ್ತೀರಿ. ಅದೇ ದುಡ್ಡಿನಲ್ಲಿ ಕ್ಯೂ ನಿಲ್ಲುವ ಜಾಗಕ್ಕೆ ಒಂದು ಚಾವಣಿ ಹಾಕಿಸಿ. ಕುಡಿಯುವ ನೀರಿನ ನಲ್ಲಿ ಮಗುವಿನ ಕೈಗೆ ಎಟಕುವ ಹಾಗಿರಲಿ. ಟಾಯ್ಲೆಟ್‌ನಲ್ಲಿ ಡೈಪರ್ ಬದಲಾಯಿಸಲು ಒಂದು ಹಲಗೆ ಇರಲಿ, ಗಂಡಸರ ಕಡೆಯೂ ಇರಲಿ, ಅಪ್ಪಂದಿರೂ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ದೊಡ್ಡ ಬಸ್ ನಿಲ್ದಾಣಗಳಲ್ಲಿ ಹಾಲುಣಿಸುವ ಕೊಠಡಿ ಮಾಡಲು ಆಗಿದೆ ಅಂದಮೇಲೆ ದಿನಕ್ಕೆ ಸಾವಿರಾರು ಜನ ಟಿಕೆಟ್ ಕೊಟ್ಟು ಬರುವ ಜಾಗದಲ್ಲಿ ಯಾಕೆ ಆಗಬಾರದು? ಎಷ್ಟು ತಾಯಂದಿರು ಕಾರಿನ ಕಿಟಕಿಗೆ ಟವೆಲ್ ಸಿಕ್ಕಿಸಿ ಹಾಲುಣಿಸುತ್ತಿರುತ್ತಾರೆ, ಪಾರ್ಕಿಂಗ್‌ನಲ್ಲಿ ಒಂದು ಸುತ್ತು ಹಾಕಿ ನೋಡಿ. ಬಸ್ಸಿನಲ್ಲಿ ಬಂದವರಿಗೆ ಅದೂ ಇಲ್ಲ.

ನಿಮ್ಮ ಜಿಲ್ಲೆಯಲ್ಲಿ ಹಾಲುಣಿಸುವ ಕೊಠಡಿ, ನೆರಳು, ಶುಚಿಯಾದ ಟಾಯ್ಲೆಟ್ ಮೂರೂ ಇರುವ ಜಾಗ ಯಾವುದಾದರೂ ಇದ್ದರೆ ಹೆಸರು ಹಾಕಿ ಬರೆಯಿರಿ. ಕಲಬುರಗಿ, ಬೀದರ್, ಬಳ್ಳಾರಿ ಕಡೆಯವರು ಮುಖ್ಯವಾಗಿ ಬರೆಯಿರಿ. ಆ ಬಿಸಿಲಿನಲ್ಲಿ ಪುಟ್ಟ ಮಕ್ಕಳನ್ನು ಎಲ್ಲಿಗೆ, ಯಾವ ಹೊತ್ತಿಗೆ ಕರೆದುಕೊಂಡು ಹೋಗುತ್ತೀರಿ ಅಂತ ನನಗೆ ನಿಜಕ್ಕೂ ತಿಳಿಯಬೇಕಿದೆ.