ಬಸ್ಸು ತಿಪಟೂರು ದಾಟೋ ಹೊತ್ತು

ಮಗಳು ಬೆಂಗಳೂರಿಂದ ರಾತ್ರಿ ಬಸ್ ಹತ್ತಿದ್ಲು ಅಂದ್ರೆ ಶಿವಮೊಗ್ಗದಲ್ಲಿ ನನಗೆ ನಿದ್ದೆ ಇಲ್ಲ. ತುಮಕೂರು ಬಂತಾ, ತಿಪಟೂರು ದಾಟ್ತಾ, ಅರಸೀಕೆರೆ ಬಂತಾ ಅಂತ ಫೋನ್ ಮಾಡ್ತಾನೇ ಇರ್ತಿದ್ದೆ. ಹೋದ ವರ್ಷ ಒಂದ್ಸಲ ಅವಳು ಎತ್ತಲೇ ಇಲ್ಲ, ಹದಿನಾಲ್ಕು ಸಲ ಮಾಡಿದೆ, ಎದೆ ಡವಡವ, ಬೆರಳ ತುದಿಯೆಲ್ಲಾ ಜುಮ್ ಅನ್ನೋಕೆ ಶುರು, ಹಾರ್ಟ್ ಅಟ್ಯಾಕೇ ಅಂದ್ಕೊಂಡು ಯಜಮಾನರನ್ನ ಎಬ್ಬಿಸಿ ಆಸ್ಪತ್ರೆಗೆ ಹೋದ್ವಿ. ಇಸಿಜಿ ನಾರ್ಮಲ್. ಅವಳು ಪಾಪ ನಿದ್ದೆ ಮಾಡ್ತಿದ್ಲು. ಗಾಬರೀಲಿ ಜೋರಾಗಿ ಉಸಿರಾಡಿದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಆಗಿ ಕೈ ಹಾಗೆ ಜುಮ್ ಅನ್ನತ್ತಂತೆ, ಆಮೇಲೆ ಗೊತ್ತಾಯ್ತು.

"ಸುಮ್ನೆ ಯೋಚನೆ ಮಾಡ್ಬೇಡ" ಅಂತ ಎಲ್ಲರೂ ಹೇಳಿದ್ರು. ದಯವಿಟ್ಟು ಯಾರಿಗೂ ಈ ಮಾತು ಹೇಳ್ಬೇಡಿ, ಬೇಡ ಅಂದ್ರೆ ನಿಲ್ಲೋ ಹಾಗಿದ್ರೆ ಯಾವತ್ತೋ ನಿಲ್ಲಿಸ್ತಿದ್ವಿ.

ಕೊನೆಗೆ ಟೆಲಿ ಮಾನಸ್‌ಗೆ, ಅದೇ ಮಾನಸಿಕ ಆರೋಗ್ಯದ ಸಹಾಯವಾಣಿ 14416, ಫೋನ್ ಮಾಡಿದೆ. 2022ರಲ್ಲಿ ಸರ್ಕಾರ ಶುರು ಮಾಡಿದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಆ ಕಡೆ ಹುಡುಗಿ ಪೂರ್ತಿ ಕೇಳಿಸ್ಕೊಂಡು, "ಮಗಳು ಫೋನ್ ಎತ್ತಿದ್ಮೇಲೆ ಎಷ್ಟು ಹೊತ್ತು ಸಮಾಧಾನ ಇರತ್ತಮ್ಮ?" ಅಂದ್ರು. ಹೇಳೋಕೆ ಬಾಯೇ ಬರ್ಲಿಲ್ಲ ನನಗೆ. ಮುಂದಿನ ಊರು ಬರೋವರೆಗೆ, ಅಷ್ಟೇ! ಫೋನ್ ಮಾಡ್ದಾಗೆಲ್ಲ, ಮಾಡಿದ್ದಕ್ಕೇ ಅವಳು ಕ್ಷೇಮ ಅಂತ ಮನಸ್ಸು ನಂಬ್ಕೊಳ್ತಿತ್ತು, ಅದಕ್ಕೇ ಇನ್ನೊಂದ್ಸಲ ಮಾಡು ಅಂತಿತ್ತು.

ಈಗ ಹತ್ತಿದಾಗ ಒಂದು ಮೆಸೇಜು, ಇಳಿದಾಗ ಒಂದು, ಮಧ್ಯೆ ಏನೂ ಇಲ್ಲ. ಮೊದಲನೇ ಸಲ ನರಕ. ಫೋನ್ ದೇವರ ಮನೇಲಿಟ್ಟು ಅಡುಗೆಮನೆ ನೆಲದ ಮೇಲೆ ಅವರೆಕಾಯಿ ರಾಶಿ ಹಾಕ್ಕೊಂಡು ಬಿಡಿಸ್ತಾ ಕೂತೆ, ಉಸಿರು ಬಿಡೋದು ಮಾತ್ರ ಆದಷ್ಟು ನಿಧಾನ. ತಿಪಟೂರು ಹೊತ್ತಿಗೆ ಹೊಟ್ಟೆ ಕಿವುಚಿ ಎದ್ದೇಬಿಟ್ಟಿದ್ದೆ, ಮತ್ತೆ ಕೂತೆ. ಸೊಗಡಿಗೆ ಉಗುರೆಲ್ಲ ಅಂಟಂಟು. ಮೊರ ಅರ್ಧ ತುಂಬೋ ಹೊತ್ತಿಗೆ ಸಂಕಟ ತಾನಾಗೇ ಇಳಿದಿತ್ತು, ನಾನೇನೂ ಮಾಡಿರ್ಲಿಲ್ಲ.

ಹೋಗಿಲ್ಲ ಅದು, ಬಸ್ ಅಂದ್ರೆ ಈಗಲೂ ಬರತ್ತೆ. ಆದ್ರೆ ಇದನ್ನೇ ನಾವು "ಹೆತ್ತ ಕರುಳು" ಅಂತ ಹೊಗಳ್ತೀವಲ್ಲ, ಅದು ನನಗೆ ಈಗ ತಪ್ಪು ಅನ್ಸತ್ತೆ, ಯಾಕಂದ್ರೆ ಅಷ್ಟು ವರ್ಷ ನನ್ನ ಮಗಳು ಬಸ್ಸಲ್ಲಿ ಸರಿಯಾಗಿ ಮಲಗಿರ್ಲಿಲ್ಲ.

ಶುಕ್ರವಾರ ಮತ್ತೆ ಬರ್ತಿದಾಳೆ. ಅವರೆ ಸೀಸನ್ ಮುಗೀತು, ಬಟಾಣಿ ತಂದಿಟ್ಟಿದೀನಿ.