ಜಗಲಿಯ ಬಲ್ಬು

ಇಡೀ ಊರಲ್ಲಿ ನನಗೆ ಜುಗ್ಗ ಅಂತ ಹೆಸರು ಬಂದಿದೆ. ತಂದುಕೊಟ್ಟಿದ್ದು ಒಂದು ಪಿಕಳಾರ ಹಕ್ಕಿ.

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ. ಮಾರ್ಚ್‌ನಲ್ಲಿ ಹೂಮಳೆ ಬಿದ್ದು, ಕಾಫಿ ತೋಟವೆಲ್ಲ ಹೂವಿನಿಂದ ಬೆಳ್ಳಗಾಗಿ ಘಮ್ಮೆನ್ನುತ್ತಿದ್ದ ವಾರ. ಜಗಲಿಯ ಬಲ್ಬಿನ ಹೋಲ್ಡರ್ ಮೇಲೆ ಏನೋ ಕಸ ಕಂಡಿತು. ಪೊರಕೆ ಎತ್ತಿದೆ.

"ರೀ, ಮುಟ್ಟಬೇಡಿ! ಗೂಡು ಅದು!"

ಸ್ಟೂಲ್ ಹತ್ತಿ ನೋಡಿದೆ. ಅಂಗೈಯಲ್ಲಿ ಕೂರುವಂಥ ಬಟ್ಟಲು. ಹುಲ್ಲು, ಬೇರಿನ ಎಳೆ, ನಮ್ಮ ಕಾಫಿ ಮೂಟೆಯಿಂದಲೇ ಕಿತ್ತ ಗೋಣಿ ನಾರು. ಒಳಗೆ ಕೆಂಪು ಚುಕ್ಕೆಯ ಮೂರು ಮೊಟ್ಟೆ. ಮಾಲೀಕರು ಎದುರಿನ ಸಪೋಟ ಮರದಲ್ಲಿ ಜುಟ್ಟು ನಿಗುರಿಸಿಕೊಂಡು ನನ್ನನ್ನು ಬೈಯುತ್ತಿದ್ದರು.

ಅವತ್ತೇ ಹೆಂಡತಿ ಜಗಲಿಯ ಸ್ವಿಚ್ಚಿಗೆ ಪ್ಲಾಸ್ಟರ್ ಅಂಟಿಸಿದಳು. ತಮಿಳುನಾಡಿನ ಶಿವಗಂಗೆ ಜಿಲ್ಲೆಯಲ್ಲಿ 2020ರಲ್ಲಿ ಒಂದು ಹಕ್ಕಿ ಸ್ವಿಚ್ ಬೋರ್ಡಿನ ಪೆಟ್ಟಿಗೆಯಲ್ಲಿ ಗೂಡು ಕಟ್ಟಿತಂತ ಊರಿನವರು ತಿಂಗಳಿಗೂ ಜಾಸ್ತಿ ಬೀದಿದೀಪ ಹಾಕಲೇ ಇಲ್ಲ. "ಊರಿಗೆ ಊರೇ ಕತ್ತಲೆಯಲ್ಲಿತ್ತು. ನಿಮಗೆ ಒಂದು ಬಲ್ಬು ಬಿಡಕ್ಕಾಗಲ್ವಾ?" ಅಂದಳು. ಯಾರಿಗೂ ಹೇಳಕೂಡದು ಅಂತಲೂ ಆಜ್ಞೆಯಾಯಿತು. ಹೇಳಿದರೆ ಮಕ್ಕಳು ಬಂದು ಕೈ ಹಾಕುತ್ತವೆ.

ನಾಲ್ಕನೇ ದಿನ ಪಕ್ಕದ ತೋಟದವರ ಫೋನು. "ಸಾರ್, ಜಗಲಿ ಲೈಟೇ ಇಲ್ವಲ್ಲ. ಕಾಫಿ ಇನ್ನೂ ಮಾರಿಲ್ವಾ? ಇಷ್ಟು ರೇಟು ಬಂದಾಗಲೂ ಹಿಂಗೆ ಉಳಿಸಿದ್ರೆ ಹೆಂಗೆ?" ಸುಮ್ನೆ ನಕ್ಕೆ.

ಎಂಟನೇ ದಿನ ಮಾವ ಬಂದರು, ಸಂಜೆ ಏಳೂವರೆಗೆ. ಬಿಸಿಲಿಗೆ ಹರಡಿದ್ದ ಕರಿಮೆಣಸನ್ನು ಜಗಲಿಯಲ್ಲೇ ಗುಡ್ಡೆ ಹಾಕಿದ್ದೆವು. ಕತ್ತಲಲ್ಲಿ ಕರಿಮೆಣಸು ಯಾರಿಗೆ ಕಾಣುತ್ತದೆ? ಮಾವ ಅದರ ಮೇಲೆ ಕಾಲಿಟ್ಟವರು ನಿಲ್ಲದೆ ತುಳಸಿಕಟ್ಟೆಯವರೆಗೂ ಜಾರಿಕೊಂಡು ಹೋದರು. ಅವರನ್ನು ಎತ್ತುವ ಮೊದಲು ಅವರ ಮಗಳು, ಅಂದರೆ ನನ್ನ ಹೆಂಡತಿ, ಹೇಳಿದ್ದು, "ಅಪ್ಪಾ, ಕೂಗಬೇಡಿ, ಕಾವಿಗೆ ಕೂತಿದೆ!"

ಹನ್ನೆರಡು ದಿನಕ್ಕೆ ಮರಿ ಹೊರಬಂದವು. ರೋಮವಿಲ್ಲ, ಕಣ್ಣು ಬಿಟ್ಟಿಲ್ಲ, ಬರೀ ಬಾಯಿ. ಪಿಕಳಾರ ಹಣ್ಣು ತಿನ್ನುವ ಹಕ್ಕಿ ಅಂದುಕೊಂಡಿದ್ದೆ. ಎಳೆ ಮರಿಗೆ ಮಾತ್ರ ಹುಳು, ಮಿಡತೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ತರುತ್ತವೆ. ಮರಿಯ ಹಿಕ್ಕೆ ಬಿಳಿ ಪೊಟ್ಟಣದ ಹಾಗೆ ಬರುತ್ತದೆ. ಅಪ್ಪನೋ ಅಮ್ಮನೋ ಅದನ್ನು ಕೊಕ್ಕಲ್ಲಿ ಕಚ್ಚಿಕೊಂಡು ಹೋಗಿ ದೂರ ಬಿಸಾಕುತ್ತದೆ. ಇದನ್ನು ಹೆಂಡತಿ ನನಗೆ ಎರಡು ಸಲ ತೋರಿಸಿದಳು. ನಮ್ಮ ಮಗಳಿಗೆ ಈಗ ಇಪ್ಪತ್ತೆರಡು. ಆ ಕಾಲದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ನಾನು ಮಂಗಟ್ಟೆ ಹಕ್ಕಿಯ ವಿಷಯ ತೆಗೆದೆ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಯಿ ಮುಚ್ಚಿಕೊಳ್ಳುತ್ತದೆ, ಪೊಟರೆಯ ಬಾಯಿ. ಒಂದು ಸೀಳು ಮಾತ್ರ ಬಿಡುತ್ತದೆ. ಗಂಡು ಅದರಲ್ಲೇ ಊಟ ಕೊಡುತ್ತದೆ. "ವಾರಗಟ್ಟಲೆ ಅಡುಗೆ ಚಿಂತೆ ಗಂಡಂದೇ ಅನ್ನಿ," ಅಂದಳು. ಆ ವಿಷಯ ತೆಗೆಯಬಾರದಿತ್ತು.

ಒಂದು ಮಧ್ಯಾಹ್ನ ಕೆಂಬೂತ ಬಂದು ಜಗಲಿ ಕಂಬಿಯ ಮೇಲೆ ಕೂತಿತು. ಮರಿ ಕದಿಯುವುದರಲ್ಲಿ ಅದು ಪಳಗಿದ ಕೈ. ಲುಂಗಿಯಲ್ಲೇ ಕೊಡೆ ಬೀಸುತ್ತ ಗೇಟಿನವರೆಗೆ ಅಟ್ಟಿಸಿದೆ. ಪಕ್ಕದ ತೋಟದವರು ಜೀಪು ನಿಲ್ಲಿಸಿ ನೋಡಿದರು. ಏನೂ ಕೇಳಲಿಲ್ಲ.

ಮತ್ತೆ ಹನ್ನೆರಡು ದಿನಕ್ಕೆ ಮರಿಗಳು ಹಾರಿದವು. ಹಾರಿದವು ಅನ್ನುವುದಕ್ಕಿಂತ ಬಿದ್ದವು. ಮೋಟು ಬಾಲ, ಕೆನ್ನೆಗೆ ಇನ್ನೂ ಕೆಂಪು ಬಂದಿಲ್ಲ. ದಾಸವಾಳದ ಗಿಡದಲ್ಲಿ ಕೂತು ಊಟ ಕೇಳುತ್ತಿದ್ದವು. ರಾತ್ರಿ ಮಲಗಲು ಬರುತ್ತವಲ್ಲ ಅಂತ ನಾವು ಮತ್ತೂ ನಾಲ್ಕು ದಿನ ಕತ್ತಲಲ್ಲೇ ಕೂತೆವು. ಯಾರೂ ಬರಲಿಲ್ಲ. ಅವುಗಳಿಗೆ ಗೂಡು ಬರೀ ತೊಟ್ಟಿಲಂತೆ. ಮನೆ ಅಂದುಕೊಂಡವರು ನಾವು.

ಐದನೇ ದಿನ ಪ್ಲಾಸ್ಟರ್ ಕಿತ್ತು ಸ್ವಿಚ್ ಒತ್ತಿದೆ. ಹತ್ತು ನಿಮಿಷದಲ್ಲಿ ಫೋನು.

"ಅಂತೂ ಕಾಫಿ ಮಾರಿದ್ರಿ ಅನ್ನಿ! ಎಷ್ಟಕ್ಕೆ ಹೋಯ್ತು ಸಾರ್?"